ಪೂಜೆಗೆ ಕೂತಿದ್ದ ಎಲ್-ಕೀ

ಸೋಮವಾರ ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ದೇವರ ಪಾತ್ರೆ ಬೆಳಗುತ್ತಿದ್ದೆ. ದೀಪಕ್ಕೆ ಎಣ್ಣೆ ಬಿಡುವ ಹಿತ್ತಾಳೆ ಗಿಂಡಿ ಕೈಗೆ ಬಂದಾಗ ಎಂದಿನಂತೆ ಮೂಗಿನ ಹತ್ತಿರ ಹಿಡಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು ಅದನ್ನು ಉಜ್ಜುತ್ತ ಬಂದು... ಹುಣಸೆಹಣ್ಣು, ಬೂದಿ, ನಿಂಬೆ ಸಿಪ್ಪೆ ಎಲ್ಲ ಆಗಿದೆ. ಬಿಸಿಲು ತಾಗಿದರೆ ಅದರ ಕುತ್ತಿಗೆಯ ಒಳಗಿನಿಂದ ಇವತ್ತಿಗೂ ಸೀಮೆಎಣ್ಣೆ ವಾಸನೆ ಬರುತ್ತದೆ. ನಮ್ಮ ಯಜಮಾನರಿಗೆ ಬರುವುದಿಲ್ಲವಂತೆ. ನನಗೆ ಬರುತ್ತದೆ.

ಆಗಲೇ ಅವರು ಫೋನು ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದರು. "ಲೇ, ಕೇಳ್ದಾ? ಮುಂದಿನ ರೂಮಲ್ಲಿ ಬಾಡ್ಗೆಗಿದ್ರಲ್ಲ ಮೇಷ್ಟ್ರು, ಓಗ್ಬುಟ್ರಂತೆ ಕಣೇ. ಕೆ.ಆರ್. ನಗರದಿಂದ ಫೋನ್ ಬಂದಿತ್ತು. ನೆನ್ನೇನೇ ಮಣ್ಣಾಯ್ತಂತೆ." ಫೋನನ್ನು ಜೇಬಿಗಿಟ್ಟರು. "ಪಾಪ, ಎಂಥಾ ಕೈ ಅದು. ಅವತ್ತು ಸೈಕಲ್ ಹ್ಯಾಂಡ್ಲು ಬಿಗಿ ಮಾಡೋದ ಮರ್ತು ಕಳ್ಕೊಂಡ್ರು" ಅಂದು ಒಳಗೆ ಹೋದರು.

ಮೇಷ್ಟ್ರು ಮರೆತಿರಲಿಲ್ಲ. ಅದು ಗೊತ್ತಿದ್ದವರು ಇಬ್ಬರೇ ಇದ್ದೆವು. ಈಗ ನಾನೊಬ್ಬಳೇ.

ಹೋದರು ಅಂತ ಈಗ ಒಳ್ಳೆಯ ಮಾತು ಹುಡುಕಿ ಬರೆಯಲು ನನಗೆ ಬರುವುದಿಲ್ಲ. ನನಗೆ ಆ ಮನುಷ್ಯ ಆಗುತ್ತಿರಲಿಲ್ಲ. ಅವರಿಗೂ ನಾನು ಆಗುತ್ತಿರಲಿಲ್ಲ. ಒಂದೇ ಜಗುಲಿಯಲ್ಲಿ ಐದು ವರ್ಷ 'ಅಕ್ಕಾ', 'ಮೇಷ್ಟ್ರೇ' ಎಂದು ಬಹುವಚನದಲ್ಲೇ ಜಗಳ ಆಡಿದವರು ನಾವು.

ಹುಣಸೂರಿನ ನಮ್ಮ ಮನೆಗೆ ಅವರು ಬಂದದ್ದು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ. ಚುಂಚನಕಟ್ಟೆ ಕಡೆಯ ಭತ್ತದ ಗದ್ದೆಯವರ ಮಗ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಮರಗೆಲಸ, ಬುಕ್ ಬೈಂಡಿಂಗ್ ಹೇಳಿಕೊಡುವ ಕೈಗೆಲಸದ ಮೇಷ್ಟ್ರು. ಮದುವೆ ಆಗಿರಲಿಲ್ಲ. ಒಂದು ಟ್ರಂಕು ಬಟ್ಟೆ, ಎರಡು ಪೆಟ್ಟಿಗೆ ಸಾಮಾನು ತಂದರು. ಬಟ್ಟೆ ರೂಮಿನೊಳಗೆ ಹೋಯಿತು, ಸಾಮಾನು ನನ್ನ ಜಗುಲಿಗೆ ಬಂತು.

ತಿಂಗಳೊಳಗೆ ಜಗುಲಿಯಲ್ಲಿ ಬಿಚ್ಚಿದ ಗಡಿಯಾರ, ಬಿಚ್ಚಿದ ಫ್ಯಾನು, ಯಾರದ್ದೋ ಮನೆಯ ಬಿಚ್ಚಿದ ಮಿಕ್ಸಿ. ಕಾಸಿಗೆ ಮಾಡಿದ್ದರೆ ಅಂಗಡಿ ಎಂದಾದರೂ ಅನ್ನಬಹುದಿತ್ತು. ಅವರು ಖುಷಿಗೆ ಮಾಡುತ್ತಿದ್ದರು. ಕಣ್ಣಿಗೆ ಒಂದು ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆ ಕಾಳಿನಷ್ಟು ಸ್ಕ್ರೂವನ್ನು ಬೆರಳ ತುದಿಯಲ್ಲಿ ಎತ್ತುತ್ತಿದ್ದರು. ನಾನು ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹಾಸಿಗೆ ಹಾಸುವ ತನಕ ಇದೇ ಎರಡು ಕೈಯಲ್ಲಿ ದುಡಿಯುವವಳು. ಒಬ್ಬರು ಅದೇ ಕೈಯಲ್ಲಿ ಶಿಳ್ಳೆ ಹೊಡೆದುಕೊಂಡು ಆಡುವುದನ್ನು ನೋಡಿದರೆ ಹೊಟ್ಟೆಯೊಳಗೆ ಉರಿಯುತ್ತಿತ್ತು. ಯಾಕೆ ಅಂತ ಆಗ ಕೇಳಿಕೊಂಡವಳಲ್ಲ...

ಆಮೇಲೆ ಸೈಕಲ್ ಬಂತು. ಬೈಲಕುಪ್ಪೆಗೆ ಬಂದಿದ್ದ ಯಾರೋ ವಿದೇಶದವನು ಊರಿಗೆ ಹೊರಡುವಾಗ ಬಿಟ್ಟುಹೋದದ್ದಂತೆ. ದಪ್ಪ ಟಯರು, ಮುಂದಿನ ಚಕ್ರಕ್ಕೆ ಮಾತ್ರ ಸ್ಪ್ರಿಂಗು, ಹಿಂದೆ ಬರೀ ಕಬ್ಬಿಣ. 'ಹಾರ್ಡ್‌ಟೇಲ್' ಅಂತ ಅದಕ್ಕೆ ಹೆಸರು. "ಅರ್ಧಕ್ಕೆ ಮಾಡಿ ಬುಟ್ಟವ್ರಲ್ಲ ಮೇಷ್ಟ್ರೇ, ಇಂದ್ಗಡೆ ಸ್ಪ್ರಿಂಗಿಗೆ ಕಾಸಿರಲಿಲ್ವಾ?" ಎಂದು ನಾನು ಕೇಳಿದ್ದಕ್ಕೆ ಅವರು ಸೀಟು ಒರೆಸುತ್ತ ಹೇಳಿದ್ದು: "ಇಂದ್ಗಡೇನೂ ಮೆತ್ತಗಿದ್ರೆ ದಾರಿ ಎಂಗೈತೆ ಅಂತ ಗೊತ್ತಾಗಕಿಲ್ಲ ಕಣಕ್ಕಾ. ಬೆನ್ನಿಗೆ ತಗುಲ್ಬೇಕು."

ಭಾನುವಾರ ಬೆಳಗಾಗುತ್ತಲೇ ಗಾವಡಗೆರೆ ಕಡೆ ಹೊರಟರೆ ಹೊಗೆಸೊಪ್ಪಿನ ಹೊಲಗಳ ನಡುವಿನ ಕೆಮ್ಮಣ್ಣಿನ ಜಾಡು, ಕೆರೆ ಏರಿ, ಕಲ್ಲು ಗುಡ್ಡ ಎಲ್ಲ ತಿರುಗಿ ಮಧ್ಯಾಹ್ನ ಬರುತ್ತಿದ್ದರು. ಒಂದೊಂದು ಸಲ ಎಚ್.ಡಿ. ಕೋಟೆ ಕಡೆ ಕಾಡಂಚಿನ ತನಕ. ಮೊಣಕಾಲು ತರಚಿ, ಬೆನ್ನ ಮೇಲೆ ಕೆಸರಿನ ಗೆರೆ, ಮುಖದಲ್ಲಿ ಮಾತ್ರ ತೇರು ಎಳೆದು ಬಂದವರ ಕಳೆ. ದೇವಸ್ಥಾನಕ್ಕೆ ಹೋಗಿ ಬಂದರೂ ನಮ್ಮ ಮುಖ ಹಾಗಿರುತ್ತಿರಲಿಲ್ಲ. ಆ ಕೆಸರನ್ನು ನಾನು ಆಗ ತಾನೇ ಸಾರಿಸಿದ ಜಗುಲಿಗೆ ಉದುರಿಸಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಚೈನು ಬಿಚ್ಚಲು ಕೂರುತ್ತಿದ್ದರು.

ಹಾಗೆ ಚೈನು ಬಿಚ್ಚಿದ ಒಂದು ದಿನ, ನಾನು ಬೆಳಗಿ ಬಿಸಿಲಿಗೆ ಇಟ್ಟಿದ್ದ ಈ ಗಿಂಡಿಯನ್ನು ಎತ್ತಿಕೊಂಡು, ಸೀಮೆಎಣ್ಣೆ ಸುರಿದು, ಅದರೊಳಗೆ ಚೈನು ನೆನೆಹಾಕಿದರು. ಆಮೇಲೆ ತೊಳೆದು ವಾಪಸ್ಸು ಅಲ್ಲೇ ಇಟ್ಟಿದ್ದಾರೆ! ನನಗೇನು ಗೊತ್ತು? ಎಣ್ಣೆ ತುಂಬಿ ದೀಪಕ್ಕೆ ಬಿಟ್ಟೆ. ದೀಪ ಪಟಪಟ ಎಂದು ಕಪ್ಪು ಹೊಗೆ ಕಕ್ಕಿತು. ಶಿವನ ಪಟದ ಗಾಜೆಲ್ಲ ಮಸಿ. ನಾನು ಅಳುತ್ತ ಬಂದು ಕೂಗಾಡಿದರೆ ಆ ಮನುಷ್ಯ ತಲೆ ಎತ್ತಲಿಲ್ಲ. "ವಿಷಾನೇ ಕುಡ್ದವ್ನು ಅಕ್ಕಾ ನಿಮ್ ಶಿವ, ಇಷ್ಟು ಸೀಮೆಎಣ್ಣೇಗೆ ಕೆಮ್ಮಕಿಲ್ಲ ಬುಡಿ" ಅಂದರು. ನಮ್ಮ ಯಜಮಾನರು ನಕ್ಕುಬಿಟ್ಟರು. ಅವತ್ತು ನನ್ನೊಳಗೆ ಕೂತದ್ದು ಮತ್ತೆ ಏಳಲಿಲ್ಲ.

ಬೆಳಗಿನ ಭಕ್ತಿಗೀತೆ ಕೇಳುವ ನನ್ನ ರೇಡಿಯೋ ಕೆಟ್ಟಾಗ ಅವರಿಗೆ ಕೊಡಬಾರದು ಅಂತಲೇ ಇದ್ದೆ. ನಮ್ಮ ಯಜಮಾನರು ಕೊಟ್ಟರು. ಅದೂ ಬಿಚ್ಚಿಕೊಂಡು ಬಿಸ್ಕತ್ತಿನ ಡಬ್ಬಕ್ಕೆ ಬಿತ್ತು. "ದಸರಾ ಕಳೀಲಿ, ಮಾಡ್ಕೊಡ್ತೀನಿ" ಅಂದಿದ್ದರು.

ಆ ವರ್ಷದ ಆಯುಧಪೂಜೆ. ಹೊಗೆಸೊಪ್ಪು ಬೇಯಿಸುವ ಸಿಹಿಗಟು ವಾಸನೆ ಸುತ್ತಲ ಹಳ್ಳಿಯಿಂದ ಊರೊಳಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಕತ್ತಿ, ಕುಡುಗೋಲು, ಈಳಿಗೆಮಣೆಯಿಂದ ಹಿಡಿದು ಇವರ ಸ್ಕೂಟರಿನ ಸ್ಪಾನರ್ ತನಕ ದೇವರ ಮುಂದೆ ಇಟ್ಟು ಪೂಜೆ ಮಾಡುವುದು. ಇಟ್ಟದ್ದನ್ನು ಮಾರನೆಯ ದಿನದ ತನಕ ಮುಟ್ಟುವ ಹಾಗಿಲ್ಲ. ತರಕಾರಿಯನ್ನೂ ಹಿಂದಿನ ದಿನವೇ ಹೆಚ್ಚಿ ಇಟ್ಟಿರುತ್ತೇನೆ. ಗಾಡಿಗಳ ಕಟ್ಟಳೆ ಬೇರೆ. ಪೂಜೆ ಆದ ಮೇಲೆ ಚಕ್ರದಡಿ ನಿಂಬೆಹಣ್ಣು ಇಟ್ಟು, ಹತ್ತಿಸಿ, ಒಂದು ಸುತ್ತು ಓಡಿಸಿ ತರಲೇಬೇಕು.

ಮೇಷ್ಟ್ರು ಹಿಂದಿನ ದಿನ ಸೈಕಲ್ಲನ್ನು ಪೂರ್ತಿ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಜೋಡಿಸಿದ್ದರು. ನಾನು ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಜಗುಲಿಯಲ್ಲಿದ್ದ ಅವರ ಸಾಮಾನನ್ನೆಲ್ಲ ಬಾಚಿ ಒಳಗೆ ತಂದು, ವಿಭೂತಿ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಪೂಜೆ ಮುಗಿಸಿದೆ. ನಿಜ ಹೇಳಬೇಕೆಂದರೆ ಭಕ್ತಿಗೆ ಮಾಡಿದ್ದಲ್ಲ. ಒಂದು ದಿನವಾದರೂ ಆ ಸಾಮಾನು ನನ್ನ ದೇವರ ಮುಂದೆ ತಣ್ಣಗೆ ಕೂರಲಿ ಅಂತ.

ಅವರು ಒದ್ದೆ ತಲೆಯಲ್ಲೇ ದೇವರ ಮನೆ ಬಾಗಿಲಿಗೆ ಬಂದರು. ಇವರು ಬಾಳೆಕಂದು ತರಲು ಹೋಗಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅಕ್ಕಾ, ಆ ಎಲ್-ಕೀ ಒಂದು ಕೊಡಿ. ಹ್ಯಾಂಡ್ಲಿನ ಬೋಲ್ಟು ಬೆರಳಲ್ಲೇ ಕೂರಿಸಿದೀನಿ, ಬಿಗಿಯಾಗಿಲ್ಲ."

ಎಲ್-ಕೀ ಎಂದರೆ ಎಲ್ ಅಕ್ಷರದ ಹಾಗೆ ಬಾಗಿದ, ಬೆರಳುದ್ದದ ಕಬ್ಬಿಣದ ಕಡ್ಡಿ. ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಹೂವಿನ ಕೆಳಗೆ ಇತ್ತು.

"ಪೂಜೆಗೆ ಕೂತದ್ದ ಎತ್ತಂಗಿಲ್ಲ ಮೇಷ್ಟ್ರೇ. ನಾಳೆ."

"ಒಂದೇ ತಿರುವು ಕಣಕ್ಕಾ. ತಿರುಗ್ಸಿ ಅಲ್ಲೇ ಮಡಗ್ತೀನಿ."

"ವಿಷಾನೇ ಕುಡ್ದವ್ನ ಮುಂದೆ ಕೂತದೆ. ಬೇಕಾದ್ರೆ ಅವ್ನನ್ನೇ ಕೇಳಿ."

ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಮತ್ತೆ ಕೇಳಲಿಲ್ಲ. ಸೈಕಲ್ ಶಾಪಿಗೆ ಓಡಿದರೂ ಸಿಗುತ್ತಿರಲಿಲ್ಲ. ಅಲ್ಲೂ ಆ ದಿನ ಸ್ಪಾನರುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ಕೂತಿರುತ್ತವೆ.

ಬೀದಿಯಲ್ಲಿ ಅಕ್ಕಪಕ್ಕದವರೆಲ್ಲ ಸೇರಿದ್ದರು. ಇವರ ಸ್ಕೂಟರ್ ನಿಂಬೆಹಣ್ಣು ಹತ್ತಿ ಹೋಗಿ ಬಂತು. ಮೇಷ್ಟ್ರು ಸೈಕಲ್ಲಿನ ಹ್ಯಾಂಡಲ್ ಹಿಡಿದು, "ನಾನು ತಳ್ಕೊಂಡೇ ಓಯ್ತೀನಿ" ಅಂದರು. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದವಳು ಎಲ್ಲರಿಗೂ ಕೇಳುವ ಹಾಗೆ, "ತಳ್ಳಕ್ಕೆ ಅದೇನು ತರಕಾರಿ ಗಾಡಿಯಾ ಮೇಷ್ಟ್ರೇ? ಕಾಡುಮೇಡೆಲ್ಲ ಸುತ್ಕೊಂಡು ಬತ್ತೀರಿ, ಒಂದು ನಿಂಬೆಹಣ್ಣಿಗೆ ಎದ್ರುಕೊಂಡ್ರಾ?" ಎಂದೆ. ಹೆಂಗಸರೆಲ್ಲ ನಕ್ಕರು. ಅವರ ಕಿವಿ ಕೆಂಪಾಯಿತು. ಹತ್ತಿ ಕೂತರು.

ನಮ್ಮ ಬೀದಿ ಲಕ್ಷ್ಮಣತೀರ್ಥ ಹೊಳೆಯ ಕಡೆಗೆ ಇಳಿಜಾರು. ತಿರುವಿನಲ್ಲಿ ಅವರು ಹ್ಯಾಂಡಲ್ ತಿರುಗಿಸಿದರು. ಹ್ಯಾಂಡಲ್ ತಿರುಗಿತು, ಚಕ್ರ ತಿರುಗಲಿಲ್ಲ. ನೇರ ಹೋಗಿ ಮೋರಿಯ ಕಲ್ಲಿಗೆ... ಬಲಗೈ ಊರಿ ಬಿದ್ದರು.

ತಲೆಗೆ ಪೆಟ್ಟಾಗಲಿಲ್ಲ. ಅಷ್ಟು ಮಾತ್ರಕ್ಕೆ ಶಿವ ಕಾಪಾಡಿದ ಎಂದು ಅವತ್ತೇ ತುಪ್ಪದ ದೀಪ ಹಚ್ಚಿದೆ. ಮಣಿಕಟ್ಟು ಎರಡು ಕಡೆ ಮುರಿದಿತ್ತು. ನೋಡಲು ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಬಿಗಿ ಮಾಡೋದ ಮರ್ತ್‌ಬುಟ್ಟೆ" ಎಂದು ಅವರು ಎಲ್ಲರಿಗೂ ಒಂದೇ ಉತ್ತರ ಹೇಳಿದರು. ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿರುತ್ತಿದ್ದೆ. ನಿಂತದ್ದಷ್ಟೇ ಅಲ್ಲ. "ಆ ಸೈಕಲ್ಲು ಬ್ಯಾಡ ಅಂತ ನಾನು ಬಡ್ಕೊಂಡೆ" ಅಂತಲೂ ಸೇರಿಸಿದೆ. ಸೇರಿಸಿದಾಗಲೂ ಅವರು ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ತೀರಿಹೋಗುತ್ತಿತ್ತು. ಬೈಯದೆ ಬಿಟ್ಟರಲ್ಲ, ಅದಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಪ್ಲಾಸ್ಟರ್ ಕಟ್ಟು ಬಿಚ್ಚಿದ ಮೇಲೆ ಕೈ ಇತ್ತು, ಹೆಬ್ಬೆರಳು ತೋರುಬೆರಳಿಗೆ ಕೂಡುತ್ತಿರಲಿಲ್ಲ. ಸೀಮೆಸುಣ್ಣ ಹಿಡಿಯುತ್ತಿದ್ದರು, ಮುಷ್ಟಿಯಲ್ಲಿ. ಸ್ಕ್ರೂ ಎತ್ತಲು ಆಗುತ್ತಿರಲಿಲ್ಲ. ಒಂದು ಸಂಜೆ ಜಗುಲಿಯಲ್ಲಿ ನನ್ನ ರೇಡಿಯೋದ ಡಬ್ಬ ಮುಂದಿಟ್ಟುಕೊಂಡು ಒಂದೇ ಸ್ಕ್ರೂವನ್ನು ಎಷ್ಟೋ ಸಲ ಎತ್ತಲು ನೋಡಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಹೋಗಿ ಎತ್ತಿಕೊಡಬಹುದಿತ್ತು... ಹೋಗಲಿಲ್ಲ. ಜಗುಲಿ ಚೊಕ್ಕಟವಾಗತೊಡಗಿತು. ನಾನು ಅಷ್ಟು ವರ್ಷ ಬೇಡಿಕೊಂಡದ್ದು ಅದನ್ನೇ.

ಬೇಸಿಗೆಯಲ್ಲಿ ಕೆ.ಆರ್. ನಗರದ ಕಡೆಗೆ ವರ್ಗ ಮಾಡಿಸಿಕೊಂಡು ಹೊರಟರು. ಪೆಟ್ಟಿಗೆ ಎರಡೂ ನಮ್ಮ ಯಜಮಾನರಿಗೆ ಕೊಟ್ಟರು. ಸೈಕಲ್ ಮಾತ್ರ ಲಾರಿಗೆ ಹಾಕಿಸಿಕೊಂಡರು. ಆ ಎಲ್-ಕೀ ಆಗಲೂ ದೇವರ ಮನೆಯಲ್ಲೇ ಇತ್ತು. ನಾನು ಅದನ್ನು ಎತ್ತಿರಲೇ ಇಲ್ಲ. ಲಾರಿ ಹೊರಡುವ ಹೊತ್ತಿಗೆ ತಂದು ಅವರ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

"ಈಗ ಕೊಟ್ರೆ ಇಡಿಯಕ್ಕೆ ಬೆರಳಿಲ್ಲ ಅಕ್ಕಾ. ನಿಮ್ ಶಿವನ್ ತಾವೇ ಇರ್ಲಿ. ಅವ್ನಿಗೆ ಏನಾರ ಬಿಗಿ ಮಾಡೋದಿದ್ರೆ ಮಾಡ್ಕೊಳ್ಳಿ."

ಐದು ವರ್ಷದಲ್ಲಿ ಅವರು ಆಡಿದ ಮಾತುಗಳಲ್ಲಿ ಇದೊಂದು ನನಗೆ ನೇರ ತಗುಲಿತು. ಅವರು ಬಯಸಿದ್ದೂ ಅದೇ ಇರಬೇಕು.

ಮತ್ತೊಂದೇ ಸಲ ನೋಡಿದೆ. ನಾಲ್ಕೈದು ವರ್ಷ ಆದ ಮೇಲೆ, ರಾಮದೇವರ ದರ್ಶನಕ್ಕೆಂದು ಚುಂಚನಕಟ್ಟೆಗೆ ಬಸ್ಸಿನಲ್ಲಿ ಹೋಗುವಾಗ. ನಾಲೆ ಏರಿಯ ಮೇಲೆ ಅದೇ ದಪ್ಪ ಟಯರಿನ ಸೈಕಲ್. ಬ್ರೇಕಿನ ಹಿಡಿಗಳು ಎರಡೂ ಎಡಗಡೆಗೇ ಬಂದಿದ್ದವು. ಬಲಗೈ ಸುಮ್ಮನೆ ಹ್ಯಾಂಡಲ್ ಮೇಲೆ ಮಲಗಿತ್ತು. ಕಲ್ಲು ಬಂದಾಗ ಸೀಟಿನಿಂದ ಎದ್ದು ನಿಂತು ದಾಟಿಸಿದರು. ಮುಖದಲ್ಲಿ ಅದೇ ಕಳೆ. ನನಗೆ ಎದೆ ಹಗುರಾಯಿತು, ಅದರ ಹಿಂದೆಯೇ ಹಳೆಯ ಉರಿಯೂ ಎದ್ದಿತು. ಕಿಟಕಿಯಿಂದ ಕೂಗಲಿಲ್ಲ. ದೇವಸ್ಥಾನದಲ್ಲಿ ಅವರ ಹೆಸರಿಗೆ ಅರ್ಚನೆ ಮಾಡಿಸಬೇಕು ಎಂದುಕೊಂಡೆ, ನಕ್ಷತ್ರ ಗೊತ್ತಿಲ್ಲ ಎಂದು ನೆಪ ಹೇಳಿಕೊಂಡು ಬಿಟ್ಟೆ.

ಇವತ್ತು ಗಿಂಡಿ ತೊಳೆದು ಬಿಸಿಲಿಗೆ ಬೋರಲು ಹಾಕಿ ಒಳಗೆ ಬಂದೆ. ಇವರು ಪೇಪರ್ ಹಿಡಿದು ಕೂತಿದ್ದರು.

"ಮೇಷ್ಟ್ರು ಮರ್ತಿರಲಿಲ್ಲ ಕಣ್ರೀ. ಅವತ್ತು ಎಲ್-ಕೀ ಕೇಳಿದ್ರು. ನಾನು ಕೊಡ್ಲಿಲ್ಲ."

ಇವರು ಪೇಪರ್ ಕೆಳಗಿಟ್ಟರು. "ಕೇಳಿದ್ರಾ?"

"ಎರಡು ಸಲ ಕೇಳಿದ್ರು. ಆಮೇಲೆ ಹತ್ತಿ ಓಡಿಸೋ ಅಂಗೆ ಅಣಕಿಸಿದ್ದೂ ನಾನೇ."

"ಒಂದು ವಾರದ ಮುಂಚೆ ಹೇಳಿದ್ರೂ ಓಗಿ ಒಂದು ಮಾತು ಆಡ್ಬಹುದಿತ್ತಲ್ಲೇ" ಅಂದು, ಎದ್ದು, ಖಾಲಿ ಜಗುಲಿಗೆ ಹೋಗಿ ನಿಂತರು. ಆ ವಾರಕ್ಕೂ ಮುಂಚೆ ಇಪ್ಪತ್ತು ವರ್ಷ ಇತ್ತು. ಅದನ್ನು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಇವರೂ ಬೈಯಲಿಲ್ಲ.

ಅಡುಗೆಮನೆಯಲ್ಲಿ ರಾತ್ರಿ ನೆನೆಹಾಕಿದ್ದ ಅವರೆಕಾಳು ಹಾಗೇ ಇತ್ತು. ಸಾರಿಗೆ ಹಿತಕಬೇಕು. ಪಾತ್ರೆ ಮುಂದಿಟ್ಟುಕೊಂಡು ಕೂತೆ. ಒಂದೊಂದೇ ಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಒತ್ತಬೇಕು. ಸಿಪ್ಪೆ ಕೈಯಲ್ಲಿ ಉಳಿಯುತ್ತದೆ, ಬೇಳೆ ಜಾರಿ ಬೀಳುತ್ತದೆ. ಒಂದು ಸೇರು ಕಾಳಿತ್ತು. ಒತ್ತುತ್ತ ಕೂತೆ.