ಅತ್ತೆಯ ಬೈಗುಳ ಬರೆದುಕೊಂಡವಳು

ವಸುಧಕ್ಕ ನಮ್ಮ ಮಹಡಿ ಕೋಣೆ ಬಿಟ್ಟುಹೋದದ್ದು ಅತ್ತೆಯ ಅಡುಗೆಯ ಖಾರ ತಾಳಲಾರದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಕಳೆದ ವಾರ ಕೋಣೆ ಕೇಳಿಕೊಂಡು ಬಂದ ಹೊಸ ಹುಡುಗಿಗೂ ಅದನ್ನೇ ಹೇಳಿದರು. ಅದೇ ಹೊತ್ತಿಗೆ ಒಗ್ಗರಣೆಯ ಒಣಮೆಣಸಿನ ಘಾಟು ಹೊರಗೆ ಬಂದು ಆ ಹುಡುಗಿ ಕೆಮ್ಮಿದಳು. ಸಾಕ್ಷಿ ಸಿಕ್ಕಿತಲ್ಲ ಎನ್ನುವಂತೆ ಅತ್ತೆ ನನ್ನ ಕಡೆ ನೋಡಿದಳು.

ನಾನು ಒಪ್ಪುವುದಿಲ್ಲ. ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಯಲ್ಲೇ ಕಳೆದವಳು ನಾನು. ಕೆಮ್ಮನ್ನು ಸಾಕ್ಷಿ ಎಂದು ತೆಗೆದುಕೊಳ್ಳಲಾರೆ. ನೀವೇ ಯೋಚಿಸಿ. ವಸುಧಕ್ಕ ಧಾರವಾಡದವಳು. ಮಜ್ಜಿಗೆ ಮೆಣಸಿನಕಾಯಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡು, "ನಮ್ಮ ಕಡೆ ಇದಕ್ಕ ಖಾರ ಅನ್ನೂದಿಲ್ರಿ" ಎಂದವಳು. ಒಂದೂವರೆ ವರ್ಷ ಹಾಗೆ ಉಂಡವಳಿಗೆ ಇದ್ದಕ್ಕಿದ್ದಂತೆ ನಾಲಿಗೆ ಸುಟ್ಟಿತು ಎಂದರೆ ಯಾವ ತೀರ್ಪುಗಾರ ನಂಬುತ್ತಾನೆ?

ನಮ್ಮ ಮನೆ ತಮಿಳು ಸೀಮೆಯ ಪೀಳಮೇಡಿನಲ್ಲಿದೆ. ತಾತನ ಕಾಲದಲ್ಲಿ ಮೂರು ಮಗ್ಗ ನಡೆಯುತ್ತಿದ್ದ ಹಜಾರದಲ್ಲಿ ಈಗ ಊಟದ ಚಾಪೆ ಹಾಸುತ್ತೇವೆ. ಸುತ್ತ ಕಾಲೇಜುಗಳಿರುವುದರಿಂದ ಸಂಶೋಧನೆ ಮಾಡುವವರಿಗೆ ಬರವಿಲ್ಲ. ಮಹಡಿಯ ಎರಡು ಕೋಣೆ ಹೆಂಗಸರಿಗೆ. ಗಂಡಸರು ಎದುರು ಬೀದಿಯಿಂದ ಊಟಕ್ಕೆ ಮಾತ್ರ. ಸಂಶೋಧನೆಗೆ ಅತ್ತೆ ಇಟ್ಟ ಹೆಸರು, ಊರೆಲ್ಲ ತಮಿಳಿನಲ್ಲಿ ಅನ್ನುವ ಹಾಗೆ, 'ಆರಾಯ್ಚಿ'. ಭಾನುವಾರ ಅವಳದೊಂದು ಕಾನೂನಿತ್ತು. ಸಾಂಬಾರಿನ ಅನ್ನ ಮುಗಿದ ಮೇಲೆ, ರಸ ಬಡಿಸುವ ಮೊದಲು, ಪ್ರತಿಯೊಬ್ಬರೂ ಆ ವಾರ ಏನು ಕಂಡುಹಿಡಿದೆವೆಂದು ಹೇಳಬೇಕು.

"ಹೇಳು ಕಣ್ಣು, ಈ ವಾರ ಏನ್ ಕಂಡ್‌ಹಿಡಿದೆ? ಆಮೇಲೆ ರಸ."

(ಅವರ ಜೊತೆ ಅತ್ತೆ ಆಡುತ್ತಿದ್ದದ್ದು ತಮಿಳು. ನಾನು ನಮ್ಮ ಮನೆಯ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೇನೆ; ಮುದ್ದಿಗೆ ಕರೆಯುವ 'ಕಣ್ಣು' ಮಾತ್ರ ಹಾಗೇ ಉಳಿಸಿದ್ದೇನೆ. ನಷ್ಟವೇನಿಲ್ಲ, ಎರಡರಲ್ಲೂ ಅವಳ ದನಿ ಒಂದೇ.)

ಒಬ್ಬ ಅಣ್ಣ ಸಿಂಗಾನಲ್ಲೂರು ಕೆರೆಯಂಚಿನಿಂದ ಸೊಳ್ಳೆಮರಿಗಳನ್ನು ತಂದು, ಅತ್ತೆಯನ್ನು ಕಾಡಿಬೇಡಿ ನಮ್ಮ ತಾರಸಿಯಲ್ಲೇ ಬಕೆಟ್ ಇಟ್ಟು ಬೆಳೆಸುತ್ತಿದ್ದ. "ಊರೆಲ್ಲ ಸೊಳ್ಳೆ ಓಡಿಸ್ತದೆ, ನೀನ್ ಕೂತು ಸಾಕ್ತೀಯ?" ಎಂದು ಅತ್ತೆ ಅವನಿಗೆ ರಸ ಸ್ವಲ್ಪ ಕಡಿಮೆಯೇ ಹಾಕುತ್ತಿದ್ದಳು. ಇನ್ನೊಬ್ಬ ನೂಲಿನ ಮೈಮೇಲೆ ಎದ್ದಿರುವ ರೋಮಗಳನ್ನು ಯಂತ್ರದಲ್ಲಿ ಅಳೆಯುತ್ತಿದ್ದ. ಅತ್ತೆ ಅವನ ಎರಡು ಎಳೆ ತೆಗೆದುಕೊಂಡು, ಕಣ್ಣು ಮುಚ್ಚಿ ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು, "ಇದು ಜಾಸ್ತಿ, ಇದು ಕಮ್ಮಿ. ಇದಕ್ಕೆ ನಿಂಗೆ ಎಷ್ಟ್ ವರ್ಷ ಕೊಟ್ಟಿದಾರೆ?" ಎಂದಳು. "ನಾಲ್ಕು, ಅಮ್ಮಾ" ಎಂದು ಅವನು ಎಲೆ ನೋಡಿದ. ಪೊಳ್ಳಾಚಿಯಿಂದ ಬಂದ ಗಣಿತದ ಅಕ್ಕ ಮಾತ್ರ ಅತ್ತೆಯ ಮುದ್ದಿನವಳು. "ಕಾಗದ, ಪೆನ್ಸಿಲ್, ಅಷ್ಟೇನಾ? ಕರೆಂಟ್ ಬೇಡ, ವಾಸನೆ ಇಲ್ಲ. ನೀನು ಎಷ್ಟ್ ವರ್ಷ ಬೇಕಾದ್ರೂ ಆರಾಯ್ಚಿ ಮಾಡು."

ವಸುಧಕ್ಕನ ವಿಷಯ ಕೇಳಿದ ದಿನ ಅತ್ತೆಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಇಲ್ಲಿಯ ಕನ್ನಡದ ನೇಕಾರ ಮನೆಗಳಲ್ಲಿ ಹೆಂಗಸರು ಬೈಯುವ ಬೈಗುಳಗಳು!

"ಬೈಯೋದಕ್ಕೂ ಡಾಕ್ಟರ್ ಪಟ್ಟ ಕೊಡ್ತಾರಾ? ಹಂಗಂದ್ರೆ ನಂಗೆ ಎಷ್ಟು ಬರಬೇಕು!"

ಒಂದೊಂದು ಬೈಗುಳಕ್ಕೂ ಒಂದೊಂದು ಚೀಟಿ. ಯಾರು ಬೈದರು, ಯಾರಿಗೆ, ಯಾಕೆ. ಹೇಳಿದ ದಿನ ಬಾರದ ಹಾಲಿನವನು 'ಹುರಿ ಇಲ್ಲದ ನೂಲು'. ಸಣ್ಣ ಮಾತಿಗೆ ಮುನಿಯುವ ಮಾವ 'ಗಂಜಿ ಕಾಣದ ಎಳೆ, ಮುಟ್ಟಿದ್ರೆ ಹರೀತಾನೆ'. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಮಾತು ಸಾಗಿಸುವ ನಾನು 'ಲಾಳಿ ಬಾಯಿ'. ಕಷ್ಟವೇನೆಂದರೆ, ವಸುಧಕ್ಕ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದ ಕೂಡಲೇ ಅತ್ತೆ ಸಾಧುವಾಗಿಬಿಡುತ್ತಿದ್ದಳು. ಹಾಲು ಉಕ್ಕಿ ಒಲೆಯೆಲ್ಲ ಆದರೂ "ಪರವಾಯಿಲ್ಲ ಕಣ್ಣು, ಒರೆಸಿದ್ರೆ ಆಯ್ತು" ಎನ್ನುತ್ತಿದ್ದಳು. ಅದಕ್ಕೆ ವಸುಧಕ್ಕ ನನ್ನನ್ನು ನೇಮಿಸಿಕೊಂಡಳು. ಮನೆಯ ಹುಡುಗಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಕೂತರೆ ಯಾರು ಅನುಮಾನಿಸುತ್ತಾರೆ? ನನಗೋ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ; ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಚೀಟಿ ಬರೆಯಲೆಂದೇ ಅವಳು ನನಗೆ ಅಕ್ಷರ ಕಲಿಸಿದಳು. ಉಳಿದವರು ಮರ, ಸರ ಎಂದು ಬರೆದು ಕಲಿತಿರಬಹುದು. ನಾನು ಮೊದಲು ತಿದ್ದಿದ್ದು 'ಲಾಳಿ ಬಾಯಿ'. ನೀವು ಈಗ ಓದುತ್ತಿರುವುದು ಆ ಅಕ್ಷರವನ್ನೇ.

ಇಷ್ಟು ಉಪಕಾರ ಹೊತ್ತವಳು ನಾನು ಏನು ಮಾಡಿದೆ? ಅಂತರಕಾಲೇಜು ಸ್ಪರ್ಧೆಯಲ್ಲಿ ಕಪ್ ಗೆದ್ದು ಬಂದ ಮರುದಿನವೇ ಭಾನುವಾರ ಬಂತು. ಗೆದ್ದ ನಾಲಿಗೆಗೆ ಮನೆಯಲ್ಲೂ ಕೆಲಸ ಬೇಕಿತ್ತು. ರಸಕ್ಕೆ ಮುಂಚೆ ಎದ್ದು ನಿಂತು, ಬೈಗುಳದ ಆರಾಯ್ಚಿ ಆರಾಯ್ಚಿಯೇ ಅಲ್ಲ ಎಂದು ವಾದ ಹೂಡಿದೆ. ಸೊಳ್ಳೆಯನ್ನು ಎಣಿಸಬಹುದು. ನೂಲಿನ ರೋಮವನ್ನು ಅಳೆಯಬಹುದು. ಗಣಿತದಲ್ಲಿ ತಪ್ಪಿದ್ದರೆ ಇನ್ನೊಬ್ಬರು ತೋರಿಸಬಹುದು. ಆದರೆ ನೋಡಲು ಹೋದರೆ ಬದಲಾಗಿಬಿಡುವ ವಸ್ತುವಿನ ಮೇಲೆ ಎಂಥ ಸಂಶೋಧನೆ? "ರೆಕಾರ್ಡಿಂಗ್ ಒತ್ತಿದ್ರೆ ಅತ್ತೆ ಬೈಯೋದೇ ಇಲ್ಲ. ಕದ್ದು ಕೇಳಿ ಬರೆದದ್ದು ವಿಜ್ಞಾನವೂ ಅಲ್ಲ, ಸಾಹಿತ್ಯವೂ ಅಲ್ಲ, ಬರೀ ಚಾಡಿ!"

ಎಲ್ಲರೂ ನಕ್ಕರು. ಸೊಳ್ಳೆ ಅಣ್ಣ ಎಡಗೈಯಿಂದ ತೊಡೆ ತಟ್ಟಿದ. ಕದ್ದು ಕೇಳಿದವಳು ನಾನೇ ಎಂಬುದನ್ನು ವಸುಧಕ್ಕ ಹೇಳಬಹುದಿತ್ತು, ಹೇಳಲಿಲ್ಲ. ಮುಗುಳ್ನಕ್ಕು, "ರಸ ಹಾಕ್ರಿ ಅತ್ತಿ" ಎಂದಳು. ಎದುರಾಳಿ ಸುಮ್ಮನಾದರೆ ಗೆಲುವು ಎಂದು ನಮಗೆ ಕಲಿಸಿದ್ದರು. ನಾನು ಗೆದ್ದೆ ಅಂದುಕೊಂಡೆ.

ಎರಡು ತಿಂಗಳಲ್ಲಿ ಅವಳು ಕೋಣೆ ಬಿಟ್ಟಳು. ಗೈಡು ಒಪ್ಪುತ್ತಿಲ್ಲ, ಶಾಲಾ ಪಠ್ಯಪುಸ್ತಕಗಳ ಮೇಲೆ ಏನೋ ಮಾಡುತ್ತೇನೆ ಎಂದಳು. ಗೈಡಿನ ಮೇಲೆ ಹಾಕಿದರೆ ನನಗೂ ಹಗುರ, ಖಾರದ ಮೇಲೆ ಹಾಕಿದರೆ ಇನ್ನೂ ಹಗುರ. ಆದರೆ ಆ ಭಾನುವಾರದ ಮೇಲೆ ಅವಳು ನನ್ನಿಂದ ಒಂದು ಚೀಟಿಯನ್ನೂ ಬರೆಸಿರಲಿಲ್ಲ.

ಹೊಸ ಹುಡುಗಿಗೆ ಕೋಣೆ ತೋರಿಸಲು ಹೋದಾಗ ತಾರಸಿಯ ಮೂಲೆಯಲ್ಲಿ ಹಳೆಯ ಬಕೆಟ್ ಕಂಡಿತು. ಮಳೆನೀರು ನಿಂತಿತ್ತು, ತುಂಬ ಸೊಳ್ಳೆಮರಿ. ಬಗ್ಗಿದೆ. ನನ್ನ ನೆರಳು ಬಿದ್ದದ್ದೇ ತಡ, ಅಷ್ಟೂ ಡೊಂಕುಡೊಂಕಾಗಿ ತಳಕ್ಕೆ ಇಳಿದವು. ಸೊಳ್ಳೆ ಅಣ್ಣ ಸ್ಟೂಲಿನ ಮೇಲೆ ಕಲ್ಲಿನಂತೆ ಕೂತಿರುತ್ತಿದ್ದದ್ದು ನೆನಪಾಯಿತು. "ಧ್ಯಾನಾನಾ ಅಣ್ಣ?" ಎಂದು ನಾನು ಕೇಳಿದ್ದೆ. "ನೆರಳು ಕಂಡ್ರೆ ಮುಳುಗಿಬಿಡ್ತವೆ ಪಾಪ, ಮರೆತು ಮೇಲೆ ಬರೋವರೆಗೂ ಕಾಯ್ಬೇಕು" ಎಂದಿದ್ದ. ನೋಡಿದರೆ ಬದಲಾಗುವುದು ಅವನ ಸೊಳ್ಳೆಯೂ ಹೌದು! ಅದನ್ನು ಯಾರೂ ಚಾಡಿ ಎನ್ನಲಿಲ್ಲ, ತಾಳ್ಮೆ ಎಂದರು. ಇಷ್ಟು ದೊಡ್ಡ ತೂತಿದ್ದ ವಾದಕ್ಕೆ ನಾನು ಎದೆ ಉಬ್ಬಿಸಿದ್ದೆ.

ಕೆಳಗೆ ಬಂದು, ವಸುಧಕ್ಕ ಹೋದದ್ದು ಖಾರಕ್ಕಲ್ಲ, ನನ್ನ ವಾದಕ್ಕೆ ಎಂದು ಅತ್ತೆಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡಳು. ಬೈಯಬಹುದೆಂದು ಕಾದೆ, ಬೈಯಲಿಲ್ಲ.

"ನಾನ್ ಬೈದದ್ದನ್ನ ಬರ್ಕೊಳಕ್ಕೆ ಒಬ್ಬಳಿದ್ಳು" ಎಂದಳು. "ನೀನು ಕದ್ದು ಕೇಳೋದು ನಂಗೆ ಗೊತ್ತಿರಲಿಲ್ವಾ? ಅದಕ್ಕೇ ಸ್ವಲ್ಪ ಜೋರಾಗೇ ಬೈತಿದ್ದೆ."

ಸಂಜೆ ಕೂತು ವಸುಧಕ್ಕನಿಗೆ ಬರೆದೆ, ಅವಳು ಕಲಿಸಿದ ಅಕ್ಷರದಲ್ಲೇ. ಕ್ಷಮೆ ಕೇಳುವ ಭಾಗ ಮೂರು ಸಲ ಅಳಿಸಿದೆ. ಅದೂ ಗೆಲ್ಲಲು ಹೂಡಿದ ವಾದದಂತೆ ಕಂಡಿತು. ಕೊನೆಗೆ ಒಂದು ಪ್ರಶ್ನೆ ಮಾತ್ರ ಉಳಿಯಿತು. ಕಳಿಸಿ ಒಂದು ವಾರವಾಯಿತು:

ಅಕ್ಕ, ಸೊಳ್ಳೆ ಅಣ್ಣ ನೆರಳಿನ ಮಾತು ಹೇಳಿದಾಗ ನೀನೂ ಅಲ್ಲೇ ಬಟ್ಟೆ ಒಣಹಾಕುತ್ತಿದ್ದೆ. ಆ ಭಾನುವಾರ ನನಗೆ ಕೊಡಬೇಕಾದ ಉತ್ತರ ನಿನಗೆ ಹೊಳೆಯಲಿಲ್ಲವಾ, ಇಲ್ಲ ಹೊಳೆದೂ ನನ್ನನ್ನು ಗೆಲ್ಲಲು ಬಿಟ್ಟೆಯಾ?