ಸಕ್ಕರೆಗೆ ಬಗ್ಗದ ಗಡ್ಡೆ

ಪೆಟ್ ಸ್ಕ್ಯಾನಿಗೆ ಮುಂಚೆ ಸಕ್ಕರೆಯಂಥದ್ದೊಂದು ಮದ್ದು ಚುಚ್ಚುತ್ತಾರೆ, ಅದನ್ನು ನುಂಗಿದ ಗಡ್ಡೆ ಪರದೆಯ ಮೇಲೆ ಹೊಳೆಯುತ್ತದೆ ಎಂದು ನಂಜುಂಡೇಶ್ ಫೋನಿನಲ್ಲಿ ನೋಡಿ ತಿಳಿದುಕೊಂಡಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಅವನು ನಂಜುಂಡೇಶ್ ಆಗುತ್ತಿರಲಿಲ್ಲ. ನಾವೂ ಒಂದಿಷ್ಟು ಕೈಜೋಡಿಸೋಣ ಎಂದು, ಮೈಸೂರಿಗೆ ಹೊರಟ ಬಸ್ಸು ಹೊಳೆನರಸೀಪುರದಲ್ಲಿ ನಿಂತಾಗ ಇಳಿದು, ಮೈಸೂರುಪಾಕು ತಂದು ಸೋದರತ್ತೆ ವಿಜಯಮ್ಮನ ಮುಂದೆ ಹಿಡಿದ.

"ಏನೂ ತಿನ್ಬ್ಯಾಡಿ ಅಂದಿದ್ರಲ್ಲೋ?"

"ಅದು ಅನ್ನ, ಮುದ್ದೆಗೆ ಅತ್ತೆ. ಸ್ವೀಟಿಗಲ್ಲ."

ಸ್ಕ್ಯಾನ್ ಸೆಂಟರಿನಲ್ಲಿ ಅವಳ ಬೆರಳಿಗೆ ಸೂಜಿ ಚುಚ್ಚಿ ಏರಿದ ಸಕ್ಕರೆ ನೋಡಿದವರು, ಆಮೇಲೆ ನಂಜುಂಡೇಶನ ಮುಖ ನೋಡಿ, ಇನ್ನೊಂದು ದಿನ ಬನ್ನಿ ಎಂದು ಕಳಿಸಿದರು. ವಾಪಸು ಬಂದು ಊರಲ್ಲಿ ಬಸ್ಸು ಇಳಿಯುವಾಗ ವಿಜಯಮ್ಮ, "ಲೇ, ನಿನ್ನ ನಂಬಿ ಶೋರೂಮ್ನೋರು ಬೈಕ್ ಮಾರಕ್ಕೆ ಬಿಟ್ಟವ್ರಲ್ಲಾ, ಅವ್ರನ್ನ ಮೊದ್ಲು ಸ್ಕ್ಯಾನ್ ಮಾಡಿಸ್ಬೇಕು" ಎಂದಳು.

ದುದ್ದ ಊರಿನ ವಿಜಯಮ್ಮ ಹಾಸನ–ಅರಕಲಗೂಡು ಸರ್ಕಾರಿ ಬಸ್ಸಿನ ಕಂಡಕ್ಟರ್. ಮನುಷ್ಯರ ಬಗ್ಗೆ ಅವಳಿಗೆ ದೊಡ್ಡ ಅಭಿಪ್ರಾಯವೇನೂ ಇಲ್ಲ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು, ಸ್ಟಾಪು ದಾಟಿದ ಮೇಲೆ "ಅಯ್ಯೋ, ಇಳೀಬೇಕಿತ್ತು" ಎನ್ನುವವರು, ಇಂಥವರನ್ನೇ ಹೊತ್ತು ತಿರುಗಿದ ಹೆಂಗಸಿಗೆ ಅಭಿಪ್ರಾಯ ಎಲ್ಲಿಂದ ಬರಬೇಕು? ಅವಳು ವಿಸಿಲ್ ಊದಿದರೆ ಫುಟ್‌ಬೋರ್ಡಿನ ಮೇಲಿನ ಶೂರರು ಬೆಕ್ಕಿನಂತೆ ಒಳಗೆ ಬರುತ್ತಿದ್ದರು. ಕೆಮ್ಮು, ಉಬ್ಬಸ ಶುರುವಾದಾಗ ಎಲ್ಲರೂ ಧೂಳು ಎಂದರು. ವರ್ಷಗಟ್ಟಲೆ ಬಾಯಿಗೆ ಪಂಪು ಹೊಡೆದುಕೊಂಡಳು. ಒಂದು ದಿನ ಊದಿದ ವಿಸಿಲಿನ ತುದಿಯಲ್ಲಿ ರಕ್ತ. ಟ್ಯೂಬು ಇಳಿಸಿ ಚೂರು ತೆಗೆದು ನೋಡಿದಾಗ ಶ್ವಾಸಕೋಶದಲ್ಲಿ ಕಾರ್ಸಿನಾಯ್ಡ್ ಎಂಬ ಕ್ಯಾನ್ಸರ್ ಗಡ್ಡೆ. ಬೇರೆ ಕಡೆ ಹಬ್ಬಿಲ್ಲ ಎಂದಾದರೆ ಕೊಯ್ದು ತೆಗೆಯಬಹುದು, ಅದಕ್ಕೇ ಈ ಸ್ಕ್ಯಾನು. ಅವಳು ಕೇಳಿದ್ದು ಒಂದೇ: "ಆಮೇಲೆ ಡ್ಯೂಟಿಗೆ ಓಗ್ಬೋದಾ?"

ಎರಡನೇ ಸಲ ಖಾಲಿ ಹೊಟ್ಟೆಯಲ್ಲೇ ಹೋದರು. ಗಡ್ಡೆ ಹೊಳೆಯಲೇ ಇಲ್ಲ ಎನ್ನುವಷ್ಟು ಮಂಕು. ಅವಳ ತಮ್ಮ, ನಂಜುಂಡೇಶನ ಚಿಕ್ಕಪ್ಪ ಕಾಂತರಾಜು, ಏರ್‌ಪೋರ್ಟ್ ಆಗಲಿರುವ ಬೂವನಹಳ್ಳಿಯಲ್ಲಿ ಇನ್ನೂ ಇಳಿಯದ ವಿಮಾನದ ಸದ್ದು ಕೇಳಿಸಿ ಸೈಟು ಮಾರುವವನು. ಅವನು ತೀರ್ಪು ಕೊಟ್ಟೇಬಿಟ್ಟ: "ಮಿಷನ್ನೇ ಏನೂ ಇಲ್ಲ ಅಂತೈತೆ. ಡಾಕ್ಟ್ರಿಗೆ ಕುಯ್ಯೋ ಚಪಲ ಅಷ್ಟೇ ಕಣಕ್ಕ." ನಂಜುಂಡೇಶನೂ ತಲೆಯಾಡಿಸಿ, "ಅತ್ತೆ ಸೇಫ್" ಎಂದು ಕೈಮುಗಿದ ಚಿತ್ರ ಹಾಕಿ ಸ್ಟೇಟಸ್ ಇಟ್ಟ.

ವಿಜಯಮ್ಮನನ್ನು ನೋಡುತ್ತಿದ್ದ ಡಾಕ್ಟರ್ ಸ್ಮಿತಾ ಅದನ್ನೆಲ್ಲ ಒಂದೇ ಉಸಿರಿಗೆ ಅಳಿಸಿದರು. "ಇದು ನಿಧಾನವಾಗಿ ಬೆಳೆಯೋ ಗಡ್ಡೆ, ಸಕ್ಕರೆಗೆ ಅಷ್ಟಾಗಿ ಆಸೆ ಪಡಲ್ಲ. ಹೊಳೀಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ಇಂಥ ಗಡ್ಡೆಗೇ ಹೋಗಿ ಅಂಟಿಕೊಳ್ಳೋ ಬೇರೆ ಮದ್ದಿದೆ. ಅದನ್ನ ಕೊಟ್ಟು ಇನ್ನೊಂದು ಪೆಟ್ ಮಾಡ್ಸೋಣ."

ಈ ಸಲ ಬಲಗಡೆಯ ಚುಕ್ಕೆ ಬಸ್ಸಿನ ಹೆಡ್‌ಲೈಟಿನಂತೆ ಉರಿಯಿತು. ಹೊಟ್ಟೆಯಲ್ಲೂ ಅಲ್ಲಲ್ಲಿ ಹೊಳೆದದ್ದು ಕಂಡು ನಂಜುಂಡೇಶ್ ಅಳಲು ಶುರುಮಾಡಿದ. ಅದು ಈ ಮದ್ದಿಗೆ ಎಲ್ಲರಿಗೂ ಹೊಳೆಯುವ ಮೂತ್ರಪಿಂಡ, ಗುಲ್ಮದಂಥ ಅಂಗಗಳು ಎಂದು ಸ್ಮಿತಾ ಸಮಾಧಾನ ಹೇಳಬೇಕಾಯಿತು, ರೋಗಿಗಲ್ಲ, ಅವನಿಗೆ. ಗಡ್ಡೆ ಬೇರೆಲ್ಲೂ ಹಬ್ಬಿರಲಿಲ್ಲ. ಶ್ವಾಸಕೋಶದ ಒಂದು ಭಾಗ ತೆಗೆದರೆ ಸಾಕು, ಚೇತರಿಸಿಕೊಂಡ ಮೇಲೆ ಡ್ಯೂಟಿಯ ವಿಚಾರ ನೋಡೋಣ ಎಂದರು.

ಆಸ್ಪತ್ರೆಗೆ ಹೊರಡುವ ಬೆಳಗ್ಗೆ ಕಾಂತರಾಜು ದುದ್ದಕ್ಕೆ ಬಂದು, ದಾರಿಗೆ ಅಡ್ಡವಾಗಿ ಹೊಸಿಲ ಮೇಲೇ ಕೂತ.

"ಒಂದು ಮಿಷನ್ನು ಇಲ್ಲ ಅಂತು, ಇನ್ನೊಂದು ಐತೆ ಅಂತು. ಯಾವುದ್ನ ನಂಬದು? ಕೆಲಸಕ್ಕೆ ರಾಜೀನಾಮೆ ಕೊಟ್ಟು ಮನೇಲಿರು."

"ನಿನ್ನ ಏರ್‌ಪೋರ್ಟ್ ನಂಬ್ದೋರು ಇದನ್ನ ನಂಬಕ್ಕಿಲ್ವಾ? ಏಳೋ, ದಾರಿ ಬುಡು."

ನಂಜುಂಡೇಶ್ ಬ್ಯಾಗು ಹಿಡಿದು, ಯಾರ ಕಡೆಗೂ ಸೇರದ ಮುಖ ಮಾಡಿಕೊಂಡು ನಿಂತಿದ್ದ. ಕಾಂತರಾಜು ಕದಲದೆ, ಯಾರೂ ಬಾಯಿಬಿಟ್ಟು ಕೇಳಬಾರದ್ದನ್ನು ಕೇಳಿಯೇಬಿಟ್ಟ.

"ಅಲ್ಲಕ್ಕ, ಈ ವಯಸ್ಸಲ್ಲಿ ಎದೆ ಕುಯ್ಸ್ಕೊಂಡು ಉಳ್ಕೊಂಡು ನೀನು ಮಾಡೋದಾದ್ರೂ ಏನು?"

"ವಿಸಿಲ್ ಊದ್ತೀನಿ ಕಣ್ಲಾ," ಎಂದಳು ವಿಜಯಮ್ಮ. "ಬಾಗ್ಲಿಗೆ ಅಡ್ಡ ಕೂತಿರೋ ನಿನ್ನಂಥೋರ್ನ ಇಳಿಸ್ಬೇಕಲ್ಲಾ."