ಕ್ಲಾಪ್ ಬೋರ್ಡಿಗೆ ಕುಂಕುಮ ಇಟ್ಟ ಮೇಲೆ

ಗೆಳೆಯರೇ, ಇವತ್ತು ನನ್ನ ಮೊದಲ ಕಿರುಚಿತ್ರದ ಶೂಟಿಂಗ್ ಶುರುವಾಯಿತು! ಕುರುಬರಹಳ್ಳಿಯಲ್ಲಿ ಮನೆ ಬಿಟ್ಟುಕೊಟ್ಟ ಆಂಟಿಗೇ ಮೊದಲ ಕ್ಲಾಪ್ ಮಾಡುವ ಗೌರವ. ಅವರು ಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು, ಸದ್ದೇ ಬಾರದಂತೆ ಮೆಲ್ಲಗೆ ಮುಚ್ಚಿದರು.

“ಆಂಟಿ, ಜೋರಾಗಿ ಬಡೀರಿ. ಆ ಸದ್ದಿಲ್ದೆ ಆಮೇಲೆ ಮಾತು, ಚಿತ್ರ ಹೊಂದ್ಸೋಕಾಗಲ್ಲ” ಎಂದ ನಮ್ಮ ಸೌಂಡ್ ಮಂಜು.

“ಪೂಜೆ ಮಾಡಿರೋದನ್ನ ಯಾರಾದ್ರೂ ಬಡೀತಾರೇನಪ್ಪಾ? ನೀವೂ ಬಡೀಬೇಡಿ!”

ಬೋರ್ಡು ದೇವರಮನೆ ಸೇರಿತು. ಮನೆ ಅವರದು, ಜಗಳವಾಡುವಂತಿಲ್ಲ. ಅಷ್ಟರಲ್ಲಿ ಆಂಟಿ ಕ್ಯಾಮೆರಾ ಮುಂದೆಯೇ ಕಲ್ಲಿಗೆ ಕಾಯಿ ಒಡೆದರು. ಫಟಾರ್!

ಮಂಜು ಹೆಡ್‌ಫೋನ್ ಹಿಡಿದು ಕುಣಿದ: “ಗುರು, ಒಡೆದಿದ್ದೂ ಕಾಣ್ತು, ಸದ್ದೂ ಸಿಕ್ತು! ಇದೇ ನಮ್ಮ ಕ್ಲಾಪು!”

ನಾಯಕಿ ಅಳುವ ದೃಶ್ಯಕ್ಕೂ ಟೇಕಿಗೊಂದು ಕಾಯಿ ಒಡೆದೆವು. ಸಿನಿಮಾ ಹೇಗೆ ಬರುತ್ತದೋ ಗೊತ್ತಿಲ್ಲ, ಚಟ್ನಿ ಮಾತ್ರ ಅದ್ಭುತವಾಗಿ ಬಂದಿದೆ.